ಕರಡಿಯ ಮೇಲೆ ಬಿದ್ದ ಕೈ

ಕರಡಿ ಕೊಡೆ ಬಿಚ್ಚಿತು. ಕೊಡೆ ಕರಡಿಯನ್ನೇ ಮಡಚಿ ಮೂಲೆಗೆ ಒರಗಿಸಿತು.

ಹಿಂದೆ ನಿಂತಿದ್ದವಳು ನಗು ತಡೆಯಲಾಗದೆ ಬಾಯಿಗೆ ಕೈ ಅಡ್ಡ ಹಿಡಿದಳು.

"ನಗಿ, ಪರವಾಗಿಲ್ಲ," ಎಂದಳು ಪರೀಕ್ಷಕಿ, ಫಿಲ್ಮನ್ನು ಪುಟ್ಟ ಪರದೆಯ ಮೇಲೆ ತೋರಿಸುವ ವೀಕ್ಷಣಾ ಮೇಜಿನ ಹಿಡಿಕೆಯನ್ನು ಒಂದೇ ಹದದಲ್ಲಿ ತಿರುಗಿಸುತ್ತ. "ನಗು ಬರುತ್ತೋ ಇಲ್ಲವೋ ಅಂತಲೂ ನಾನು ವರದಿಯಲ್ಲಿ ಬರೀಬೇಕು."

"ನಗೋಕಂತ ಬಂದವಳಲ್ಲ ಮೇಡಂ ನಾನು."

"ಗೊತ್ತು."

ಸುಟ್ಟು ಬೂದಿಯಾಯಿತೆಂದು ಎಲ್ಲರೂ ನಂಬಿದ್ದ ಈ ಪುಟ್ಟ ಕಾರ್ಟೂನ್ ಚಿತ್ರವನ್ನು ಹೋದ ವಾರ ಚಿತ್ರಭಂಡಾರಕ್ಕೆ ತಂದುಕೊಟ್ಟವಳು ಈ ನಕ್ಕವಳೇ. ಬಟ್ಟೆ ಹೊಲಿದು ಬದುಕುವವಳು. ಅವಳ ಅಪ್ಪ ಈ ಚಿತ್ರದ ಕ್ಯಾಮೆರಾಮನ್. ನಲವತ್ತೈದು ವರ್ಷಗಳ ಹಿಂದೆ ಸ್ಟುಡಿಯೋ ಹೊತ್ತಿ ಉರಿದಾಗ ಯಜಮಾನರು, ಅಂದರೆ ಈ ಕರಡಿಯನ್ನು ಹುಟ್ಟಿಸಿದ ಕಲಾವಿದರು, ಒಳಗೇ ಸುಟ್ಟುಹೋದರು. ಅಂದಿನಿಂದ ಕ್ಯಾಮೆರಾಮನ್ನನ್ನು ಯಾರೂ ಕಂಡಿಲ್ಲ. ಬೆಂಕಿ ಹಚ್ಚಿ ಓಡಿಹೋದ ಎಂಬುದು ಎಲ್ಲರ ಬಾಯಲ್ಲಿದ್ದ ಮಾತು.

ನಾಳೆ ಬೆಳಿಗ್ಗೆ ಅದೇ ಮಾತು ಕಲ್ಲಿನ ಮೇಲೆ ಏರುವುದಿತ್ತು. ಭಂಡಾರದ ಹೊಸ ಸಭಾಂಗಣಕ್ಕೆ ಯಜಮಾನರ ಹೆಸರು. ಬಾಗಿಲ ಪಕ್ಕದ ಫಲಕದಲ್ಲಿ ಅವರ ಸಾಧನೆ. ಕೊನೆಯ ಸಾಲಿನಲ್ಲಿ 'ಕ್ಯಾಮೆರಾಮನ್ನನ ದ್ರೋಹಕ್ಕೆ ಬಲಿಯಾದರು' ಎಂಬ ಒಕ್ಕಣೆ, ಆ ಕ್ಯಾಮೆರಾಮನ್ನನ ಹೆಸರಿನ ಸಮೇತ.

"ಆ ಒಂದು ಸಾಲು ತೆಗೆಸಿ ಮೇಡಂ. ಇನ್ನೇನೂ ಬೇಡ," ಎಂದಿದ್ದಳು ಮಗಳು ಮೊದಲ ದಿನ. "ನನ್ನ ಅಂಗಡಿ ಇರೋದು ಅದರ ಎದುರಿಗೇನೇ. ದಿನಾ ಬಾಗಿಲು ತೆಗೆಯುವಾಗ ಅದನ್ನ ಓದಬೇಕು."

ಭಂಡಾರದ ಈ ಪರೀಕ್ಷಕಿ ಹಿಂದೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದವಳು. ಕರುಣೆ ಬಂತೆಂದು ಫಲಿತಾಂಶ ಬದಲಾಯಿಸುವ ಅಭ್ಯಾಸ ಅವಳಿಗಿರಲಿಲ್ಲ. ಅದಕ್ಕೇ ಈ ವಾರ ಅವಳಿಗೆ ನಿದ್ದೆ ಸರಿಯಾಗಿ ಹತ್ತಿರಲಿಲ್ಲ. ಮಗಳು ನಂಬಿ ತಂದ ಸುರುಳಿ ಅವಳ ಅಪ್ಪನ ಕುತ್ತಿಗೆಗೇ ಬರುವಂತಿತ್ತು.

"ಇಲ್ಲಿ ನೋಡಿ," ಎಂದು ಫಿಲ್ಮನ್ನು ಬೆಳಕಿನ ಪೆಟ್ಟಿಗೆಯ ಮೇಲೆ ಹರಡಿದಳು. ಹುಳಿ ವಾಸನೆ ಮೂಗಿಗೆ ಬಡಿಯಿತು. ಹಳೆಯ ಫಿಲ್ಮ್ ಕೊಳೆಯತೊಡಗಿದರೆ ಹಾಗೆಯೇ. "ಅಂಚಿನಲ್ಲಿ ಪುಟ್ಟ ಪುಟ್ಟ ಆಕಾರ ಇದೆಯಲ್ಲ? ಫಿಲ್ಮ್ ತಯಾರಿಸೋ ಕಾರ್ಖಾನೆ ಒಂದೊಂದು ವರ್ಷಕ್ಕೆ ಒಂದೊಂದು ಗುರುತು ಹಾಕುತ್ತೆ. ಕಪ್ಪಗೆ ಕಾಣೋದು ಈ ಪ್ರತಿಯ ಹುಟ್ಟುಮಚ್ಚೆ. ಬೆಳ್ಳಗೆ ಕಾಣೋದು ಇದರ ತಾಯಿದು. ಕ್ಯಾಮೆರಾದೊಳಗೆ ಓಡಿದ ನೆಗೆಟಿವ್‌ದು."

"ಕಪ್ಪಗಿರೋದು ಎರಡು ಚೌಕ."

"ಬೆಂಕಿ ಬಿದ್ದ ವರ್ಷದ ಗುರುತು ತ್ರಿಕೋನ. ಎರಡು ಚೌಕ ಅದರ ಮುಂದಿನ ವರ್ಷದ್ದು."

ಮಗಳು ಬಾಗಿ ಆ ಚೌಕಗಳನ್ನು ಇನ್ನೊಮ್ಮೆ ನೋಡಿದಳು. "ಅಂದ್ರೆ ಬೆಂಕಿ ಆದಮೇಲೆ ಈ ಪ್ರತಿ ತೆಗೆದಿದ್ದಾರೆ. ನೆಗೆಟಿವ್ ಸುಟ್ಟಿರಲಿಲ್ಲ. ಯಾರೋ ಮುಂಚೆನೇ ಎತ್ತಿಟ್ಟಿದ್ರು."

"ಹೌದು."

"ಈ ಸುರುಳಿ ಇದ್ದ ಪೆಟ್ಟಿಗೆ ಸಿಕ್ಕಿದ್ದು ನಮ್ಮ ಮನೇಲಿ."

ಪರೀಕ್ಷಕಿ ಫಿಲ್ಮಿನ ತುದಿಯನ್ನು ನೇರ ಮಾಡಿದಳು.

"ಆ ಪೆಟ್ಟಿಗೆ ಅಪ್ಪನದೇ ಮೇಡಂ, ಅವನು ಫಿಲ್ಮ್ ಇಡ್ತಿದ್ದದ್ದು. ಬೆಂಕಿ ಆದ ಎರಡನೇ ವರ್ಷ, ಬೆಳಿಗ್ಗೆ ಬಾಗಿಲು ತೆಗೆದ್ರೆ ಹೊಸ್ತಿಲ ಮುಂದಿತ್ತು. ಅಮ್ಮ ಅದನ್ನ ಅಟ್ಟಕ್ಕೆ ಎಸೆದ್ಲು. ಬಾಗಿಲ ತನಕ ಬಂದೋನು ಮಗಳ ಮುಖ ನೋಡದೆ ಹೋದ ಅಂತ ಸಾಯೋ ತನಕ ಆ ಪೆಟ್ಟಿಗೆ ಮುಟ್ಟಲಿಲ್ಲ. ನಾನೂ ಹಾಗೇ ಅಂದ್ಕೊಂಡೆ." ಅವಳು ಬೆರಳಿನಿಂದ ಮೇಜಿನ ಅಂಚು ಉಜ್ಜಿದಳು. "ನಾನಾಗೇ ಹಗ್ಗ ಹೊಸೆದು ತಂದುಕೊಟ್ಟಂಗಾಯ್ತು."

"ಇನ್ನೂ ಮುಗಿದಿಲ್ಲ. ನಿಮ್ಮಪ್ಪ ಕೆಲಸಕ್ಕೆ ಹೋಗುವಾಗ ಹೇಗಿರ್ತಿದ್ರು, ಇನ್ನೊಂದು ಸಲ ಹೇಳಿ."

"ಎಷ್ಟು ಸಲ ಹೇಳ್ಲಿ? ಕಪ್ಪು ಅಂಗಿ, ತುಂಬು ತೋಳು. ಎಲ್ಲರೂ ಕರಿಯಂಗಿ ಅಂತಲೇ ಕರೀತಿದ್ರು. ಚಿತ್ರದ ಮೇಲೆ ಗಾಜು ಒತ್ತಿ ಮೇಲಿಂದ ಫೋಟೋ ತೆಗೀತಾರಂತೆ. ಗಾಜಲ್ಲಿ ತನ್ನ ನೆರಳು ಕಾಣಬಾರದು ಅಂತ ಗುಂಡಿಗೂ ಕಪ್ಪು ಬಟ್ಟೆ ಸುತ್ತಿಸ್ಕೊಳ್ತಿದ್ದ. ಮದುವೇಲಿ ಕೊಟ್ಟ ವಾಚನ್ನ ಒಂದು ದಿನಾನೂ ಕಟ್ಟಲಿಲ್ಲ. ಅಮ್ಮ ಅಣಕಿಸ್ತಿದ್ಲು, ಹಲ್ಲಿಗೂ ಕಪ್ಪು ಬಟ್ಟೆ ಹೊಲಿದುಕೊಡ್ಲಾ, ನಕ್ಕರೆ ಹೊಳೆಯುತ್ತೆ ಅಂತ."

ಪರೀಕ್ಷಕಿ ನಕ್ಕಳು. ಆಮೇಲೆ ಸುರುಳಿಯನ್ನು ಕೊನೆಯ ದೃಶ್ಯದವರೆಗೆ ಓಡಿಸಿ, ಒಂದು ಫ್ರೇಮಿನಲ್ಲಿ ನಿಲ್ಲಿಸಿದಳು. ಅಲ್ಲಿ ಕರಡಿ ಮಾಳಿಗೆಯ ಅಂಚಿನಿಂದ ಕೊಡೆ ಹಿಡಿದು ಹಾರುತ್ತಿತ್ತು. ಅದರ ಕಪ್ಪು ಹೊಟ್ಟೆಯ ಮೇಲೆ ಏನೋ ಬೂದುಬಣ್ಣದ ಮಬ್ಬು.

"ಓಡುವಾಗ ಕಾಣೋದಿಲ್ಲ. ಇದು ಈ ಒಂದೇ ಫ್ರೇಮಿನಲ್ಲಿದೆ. ಲೆನ್ಸ್ ಸರಿಮಾಡೋಕೆ ಚಾಚಿದ ಕೈ ಕೆಳಗಿನ ಗಾಜಿನಲ್ಲಿ ಬಿದ್ದಿದೆ. ಕರಡಿ ಕಪ್ಪಗಿರೋದರಿಂದ ಅಲ್ಲಿ ಮಾತ್ರ ಕಂಡಿದೆ."

ಮಗಳು ಭೂತಗನ್ನಡಿಗೆ ಕಣ್ಣಿಟ್ಟಳು. ತುಂಬ ಹೊತ್ತು ಏಳಲಿಲ್ಲ.

"ಬಿಳಿ ತೋಳು," ಎಂದಳು ಕೊನೆಗೆ. "ಹೊಳೆಯೋ ಗುಂಡಿ. ಇದು ಅಪ್ಪನ ಕೈಯಲ್ಲ ಮೇಡಂ."

"ನನಗೂ ಹಾಗೇ ಅನಿಸ್ತು. ಈ ತಪ್ಪನ್ನ ಮಾಡೋನು ಕ್ಯಾಮೆರಾ ಕೆಲಸದೋನಲ್ಲ. ಇನ್ನೊಬ್ಬರ ಕೆಲಸಕ್ಕೆ ಕೈ ಹಾಕಿದೋನು. ಬೆರಳು ಲೆಕ್ಕ ಹಾಕಿದ್ರಾ?"

"ಒಂದು ಮೋಟಾಗಿದೆ. ಉಂಗುರದ ಬೆರಳು."

"ಸ್ಟುಡಿಯೋದಲ್ಲಿ ಕೆಲಸ ಮಾಡಿದವರಲ್ಲಿ ಆ ಬೆರಳು ಯಾರದು ಅಂತ ಹೇಳಬಲ್ಲವರು ಒಬ್ಬರೇ ಉಳಿದಿರೋದು. ಅವರನ್ನ ಬರೋಕೆ ಹೇಳಿದ್ದೀನಿ."

ಮಗಳ ಮುಖ ಬಿಗಿಯಿತು. ಯಾರೆಂದು ಕೇಳುವ ಅಗತ್ಯವಿರಲಿಲ್ಲ. "ನಾನು ಹೊರಗಿರ್ತೀನಿ."

"ಇಲ್ಲೇ ಇರಿ."

ಅಷ್ಟರಲ್ಲಿ ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು.

ಯಜಮಾನರ ಹೆಂಡತಿಯನ್ನು ಊರಿನವರು ಬಣ್ಣದಕ್ಕ ಎಂದು ಕರೆಯುತ್ತಿದ್ದರು. ಸ್ಟುಡಿಯೋದಲ್ಲಿ ಪಾರದರ್ಶಕ ಹಾಳೆಗಳ ಬೆನ್ನಿಗೆ ಬಣ್ಣ ತುಂಬುವ ಕೆಲಸ ಅವರದಾಗಿತ್ತು. ಕಪ್ಪು ಬಿಳುಪು ಚಿತ್ರಗಳ ಕಾಲ. ಆ ಹೆಸರಿನವರು ಬಳಿದದ್ದೆಲ್ಲ ಬೂದುಬಣ್ಣ.

ಅವರನ್ನು ತೋಳು ಹಿಡಿದು ಕರೆತಂದವರು ಮೈದುನ, ಯಜಮಾನರ ತಮ್ಮ. ಸಭಾಂಗಣದ ಓಡಾಟವೆಲ್ಲ ಅವರದೇ. ಬೆಳಗ್ಗಿನಿಂದ ವರದಿಗಾಗಿ ಫೋನ್ ಮಾಡುತ್ತಿದ್ದರು, ಪ್ರತಿ ಸಲವೂ ತೊಂದರೆ ಕೊಟ್ಟೆನೆಂದು ಕ್ಷಮೆ ಕೇಳಿ.

"ಮೆಟ್ಟಿಲು ಅತ್ತಿಗೆ, ನಿಧಾನ," ಎಂದರು. ಅತ್ತಿಗೆಗೆ ಕುರ್ಚಿ ಎಳೆದುಕೊಟ್ಟರು, ಬೆನ್ನಿಗೆ ತಮ್ಮ ಶಾಲನ್ನೇ ಮಡಚಿಟ್ಟರು. ಮಗಳಿಗೂ ತಲೆಬಾಗಿಸಿದರು. "ನಾನಿದ್ರೆ ಅತ್ತಿಗೆ ಮನಸ್ಸು ಬಿಚ್ಚಿ ಮಾತಾಡಲ್ಲ. ಹೊರಗೆ ಕೂತಿರ್ತೀನಿ ಮೇಡಂ. ಕಲ್ಲಿನ ಕೆಲಸದೋರು ಕಾಯ್ತಿದ್ದಾರೆ, ಸ್ವಲ್ಪ ಬೇಗ ಆದ್ರೆ ಉಪಕಾರ."

ಬಾಗಿಲು ಮುಚ್ಚಿತು. ಬಣ್ಣದಕ್ಕ ಮಗಳ ಕಡೆ ನೋಡಲಿಲ್ಲ.

"ಇವಳು ಇಲ್ಲಿರಬೇಕಾ?"

"ಸುರುಳಿ ತಂದವರು ಅವರು. ಇರಬೇಕು," ಎಂದಳು ಪರೀಕ್ಷಕಿ.

"ತಂದಿದ್ದಾಳೆ. ಅವರಪ್ಪ ಕದ್ದಿದ್ದನ್ನ ತಾನೇ?"

"ದೊಡ್ಡಮ್ಮ," ಎಂದಳು ಮಗಳು ಮೆಲ್ಲಗೆ.

"ಹಾಗೆಲ್ಲ ಕರೀಬೇಡ. ನನ್ನ ತೊಡೆ ಮೇಲೆ ಕೂತು ಕುಂಚ ತೊಳೀತಿದ್ದವಳು ನೀನು. ಇದೇ ಕೈಯಲ್ಲಿ ಅನ್ನ ಹಾಕಿದ್ದೆ ನಿಮ್ಮಪ್ಪನಿಗೆ. ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ." ಪರೀಕ್ಷಕಿಯ ಕಡೆ ತಿರುಗಿದರು. "ತೋರಿಸಿ. ನಮ್ಮದು ಹೌದೋ ಅಲ್ಲವೋ ಹೇಳಿ ಹೋಗ್ತೀನಿ."

ಪರೀಕ್ಷಕಿ ಮೊದಲಿನಿಂದ ಓಡಿಸಿದಳು. ಚಿತ್ರಕ್ಕೆ ಸದ್ದಿರಲಿಲ್ಲ, ಸಂಗೀತ ಸೇರಿಸುವ ಹಂತವೇ ಬಂದಿರಲಿಲ್ಲ. ಕರಡಿ ಕೊಡೆ ರಿಪೇರಿ ಅಂಗಡಿ ತೆರೆಯಿತು. ಮೊದಲ ಗಿರಾಕಿ ನರಿ. ಕರಡಿ ಕೊಡೆಯ ಒಂದು ಕಡ್ಡಿ ನೆಟ್ಟಗೆ ಮಾಡಿದರೆ ಇನ್ನೊಂದು ಕಡ್ಡಿ ಡೊಂಕಾಗುತ್ತಿತ್ತು.

"ಟುಂಯ್," ಎಂದರು ಬಣ್ಣದಕ್ಕ ಇದ್ದಕ್ಕಿದ್ದಂತೆ.

ಮಗಳು ತಲೆಯೆತ್ತಿದಳು.

"ಇಲ್ಲಿ ಟುಂಯ್ ಅಂತ ಬರಬೇಕಿತ್ತು," ಎಂದರು ಅವರು, ಯಾರಿಗೂ ಅಲ್ಲದಂತೆ. ಕರಡಿ ಡೊಂಕು ಕಡ್ಡಿಯನ್ನು ನೋಡಿತು. ನರಿಯನ್ನು ನೋಡಿತು. ಏನೂ ಆಗಿಲ್ಲವೆಂಬಂತೆ ತಡೆದು ನಿಂತಿತು. ಆಮೇಲೆ ಕಡ್ಡಿಯನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡಿತು. ಬಣ್ಣದಕ್ಕನ ಭುಜ ಕುಲುಕಿತು. ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಈ ತಡೆ ಇದೆಯಲ್ಲ, ಅದು ಅವರದೇ. ಬೇರೆಯವರಿಗೆ ಬರೋದಿಲ್ಲ. ಜನ ಬಿದ್ದಾಗ ನಗೋದಲ್ಲ, ಬೀಳ್ತೀನಿ ಅಂತ ಗೊತ್ತಾಗೋ ಗಳಿಗೇಲಿ ನಗೋದು ಅಂತಿದ್ರು. ಹಾಳಾದ ಆ ತಡೆಗಾಗಿ ಕನ್ನಡಿ ಮುಂದೆ ಮುಖ ಮಾಡ್ಕೊಂಡು ಕೂರ್ತಿದ್ರು, ನಾನು ಅಡುಗೆ ಆರಿಹೋಯ್ತು ಅಂತ ಕೂಗ್ತಾ ಇದ್ರೂ."

ಕರಡಿ ಮಾಳಿಗೆ ಹತ್ತಿತು. ಬಣ್ಣದಕ್ಕ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. "ಇಷ್ಟೇ. ಇಲ್ಲಿಗೆ ನಿಂತಿತ್ತು."

ಚಿತ್ರ ನಿಲ್ಲಲಿಲ್ಲ. ಕರಡಿ ಕೊಡೆ ಬಿಚ್ಚಿತು. ಕೆಳಗೆ ನೋಡಿತು. ನೋಡುಗರತ್ತ ನೋಡಿತು. ತಡೆದು ನಿಂತಿತು. ಆಮೇಲೆ ಹಾರಿತು.

ಬಣ್ಣದಕ್ಕನ ನಗು ಅರ್ಧದಲ್ಲೇ ನಿಂತುಹೋಗಿತ್ತು.

"ಇದೆಲ್ಲಿಂದ ಬಂತು?"

"ನೀವು ಬಣ್ಣ ಹಾಕಿದ್ದಲ್ವಾ?"

"ಮಾಳಿಗೆ ತನಕ ಮಾತ್ರ ನಾನು ಹಾಕಿದ್ದು. ಮುಂದಿಂದು ಅವರಿನ್ನೂ ಬರೆದೇ ಇರಲಿಲ್ಲ. ಹೇಗೆ ಮುಗಿಸೋದು ಅಂತ ತಿಂಗಳಿಂದ ತಲೆ ಕೆಡಿಸ್ಕೊಂಡಿದ್ರು." ಅವರು ಪರದೆಯ ಹತ್ತಿರ ಬಾಗಿದರು. "ಈ ಬೂದು ನನ್ನದಲ್ಲ. ಹಿಟ್ಟಿನ ಗಂಟಿನ ಹಾಗೆ ಉಳಿದಿದೆ, ಅಂಚು ದಾಟಿದೆ. ಬಣ್ಣ ಕಲಸೋಕೆ ಬಾರದೋರು ಬಳಿದಿರೋದು. ಆದ್ರೆ ಬರೆದಿರೋದು..."

"ಬರೆದಿರೋದು?"

"ಆ ತಡೆ ನೋಡಿದ್ರಲ್ಲ." ಅವರ ದನಿ ಸಣ್ಣದಾಯಿತು. "ನನಗೆ ಹೇಳದೆ ಬರೆದಿಟ್ಟಿದ್ರೇನೋ. ಬೆಂಕಿಗೆ ಮುಂಚೆ."

ಪರೀಕ್ಷಕಿ ಹಿಡಿಕೆ ಬಿಟ್ಟು, ತನ್ನ ಕುರ್ಚಿಯನ್ನು ಅವರ ಪಕ್ಕಕ್ಕೆ ಎಳೆದುಕೊಂಡಳು. ಅಂಚಿನ ಗುರುತುಗಳನ್ನು ತೋರಿಸಿದಳು. ಮಗಳಿಗೆ ಹೇಳಿದ್ದನ್ನೇ ಇನ್ನೂ ನಿಧಾನವಾಗಿ ಹೇಳಿದಳು.

"ಮೊದಲಿಂದ ಮಾಳಿಗೆ ತನಕ ಬಿಳಿ ಗುರುತು ತ್ರಿಕೋನ. ಅಂದ್ರೆ ಕ್ಯಾಮೆರಾದೊಳಗಿದ್ದದ್ದು ಬೆಂಕಿ ಬಿದ್ದ ವರ್ಷದ ಫಿಲ್ಮು. ಹಾರೋ ದೃಶ್ಯ ಶುರುವಾಗ್ತಿದ್ದ ಹಾಗೆ ಬಿಳಿ ಗುರುತೂ ಎರಡು ಚೌಕ ಆಗುತ್ತೆ. ಇಲ್ಲಿ, ನೋಡಿ. ಆ ಫಿಲ್ಮು ತಯಾರಾಗಿದ್ದೇ ಮುಂದಿನ ವರ್ಷ. ಇನ್ನೂ ಹುಟ್ಟದ ಫಿಲ್ಮಿನಲ್ಲಿ ಯಾರೂ ಚಿತ್ರ ತೆಗೆಯೋಕಾಗಲ್ಲ. ಈ ದೃಶ್ಯ ತೆಗೆದದ್ದು ಬೆಂಕಿ ಆದಮೇಲೆ."

"ಹಾಗಾದ್ರೆ ಇವರಪ್ಪ ತೆಗೆದಿರ್ಬೇಕು. ನಮ್ಮವರು ಬರೆದಿಟ್ಟಿದ್ದನ್ನ ಕದ್ದುಕೊಂಡು ಹೋಗಿ."

"ಈ ಫ್ರೇಮ್ ನೋಡಿ. ತೆಗೆದವರ ಕೈ ಇದೆ."

ಬಣ್ಣದಕ್ಕ ನೋಡಿದರು. ಪರೀಕ್ಷಕಿ ಅವರ ಮುಖವನ್ನು ನೋಡಿದಳು. ಆ ಮುಖದಲ್ಲಿ ಏನೋ ಬಂತು, ತಕ್ಷಣ ಹೋಯಿತು. ಅವರು ತಮ್ಮ ಎಡಗೈಯನ್ನು ಪರದೆಯ ಪಕ್ಕ ಹಿಡಿದರು, ಅಂಗೈ ತಮ್ಮ ಕಡೆಗೆ.

"ಕಾಗದ ಕತ್ತರಿಸೋ ಯಂತ್ರಕ್ಕೆ ಸಿಕ್ಕಿ ನಮ್ಮವರ ಉಂಗುರದ ಬೆರಳಿನ ತುದಿ ಹೋಗಿತ್ತು, ನಿಜ. ಆದ್ರೆ ಬಲಗೈದು. ಇದು ಎಡಗೈ. ನನ್ನ ಎಡಗೈ ತರಾನೇ ಇದೆ ನೋಡಿ." ಒಂದು ನಿಟ್ಟುಸಿರು ಬಿಟ್ಟರು. "ಬೇರೆ ಯಾರದೋ."

ಪರೀಕ್ಷಕಿಗೆ ಆ ನಿಟ್ಟುಸಿರನ್ನು ಹಾಗೇ ಬಿಟ್ಟುಬಿಡಬೇಕೆನಿಸಿತು. ನಾಳೆ ಏರಲಿದ್ದ ಕಲ್ಲು ನೆನಪಾಯಿತು. ಎದುರು ಅಂಗಡಿಯ ಬಾಗಿಲು ನೆನಪಾಯಿತು.

ಯಂತ್ರದ ಸಂದಿಯಲ್ಲಿ ಧೂಳು ನೋಡಲು ಇಟ್ಟುಕೊಂಡಿದ್ದ ಕಿರುಗನ್ನಡಿಯನ್ನು ತೆಗೆದು ಪರದೆಗೆ ಎದುರಾಗಿ ಹಿಡಿದಳು.

"ಇದು ಕೈಯಲ್ಲ ಅಮ್ಮ. ಗಾಜಿನಲ್ಲಿ ಬಿದ್ದ ಪ್ರತಿಬಿಂಬ. ಎಡಬಲ ಅದಲುಬದಲಾಗಿರುತ್ತೆ. ಈಗ ಕನ್ನಡಿಯೊಳಗೆ ನೋಡಿ."

ಬಣ್ಣದಕ್ಕ ತಮ್ಮ ಎಡಗೈ ಇಳಿಸಿದರು. ಬಲಗೈ ಎತ್ತಿದರು. ಅದನ್ನು ಕನ್ನಡಿಯ ಪಕ್ಕ ಹಿಡಿದು, ಉಂಗುರದ ಬೆರಳಿನ ತುದಿ ಮಡಚಿದರು.



"ಹೆಣದ ಮುಖ ನೋಡೋಕೆ ನನ್ನ ಬಿಡಲಿಲ್ಲ," ಎಂದರು ಕೊನೆಗೆ. "ನೋಡೋ ಹಾಗಿಲ್ಲ ಅಂದ್ರು. ಮಣಿಕಟ್ಟಿಂದ ಬಿಚ್ಚಿದ ವಾಚು ತಂದು ತೋರಿಸಿದ್ರು. ಅವರದೇ, ಹಿಂದೆ ನಮ್ಮಿಬ್ಬರ ಹೆಸರು ಕೆತ್ತಿಸಿದ್ದು. ಹೌದು ಅಂದೆ. ಅಷ್ಟೇ ನಾನು ಹೇಳಿದ್ದು. ಹೌದು ಅಂತ." ಕೈ ಇಳಿಯಿತು. "ಬದುಕಿದ್ರು. ಬದುಕಿದ್ದು ಕರಡಿ ಬರೀತಾ ಕೂತಿದ್ರು. ನನಗೊಂದು ಮಾತು ಹೇಳಿ ಕಳಿಸಲಿಲ್ಲ."

ಅಲ್ಲಿಯವರೆಗೆ ಗೋಡೆಗೆ ಒರಗಿದ್ದ ಮಗಳು ಮುಂದೆ ಬಂದಳು.

"ಹಾಗಾದ್ರೆ ಸುಟ್ಟುಹೋಗಿದ್ದು ಯಾರು?"

ಬೆಂಕಿ ಬಿದ್ದ ಆ ಸಂಜೆಯಿಂದ ಕಾಣದೆ ಹೋದವನು ಒಬ್ಬನೇ ಇದ್ದ.

ಮಗಳು ಮೇಜಿನ ಕಾಲ ಪಕ್ಕದಲ್ಲೇ ನೆಲದ ಮೇಲೆ ಕುಳಿತಳು. "ಅಪ್ಪ ಓಡಿಹೋಗ್ಲೇ ಇಲ್ಲ," ಎಂದಳು. ಅಳಲಿಲ್ಲ. ಲೆಕ್ಕ ತಪ್ಪಿದ್ದನ್ನು ತಿದ್ದುವವಳಂತೆ ಮತ್ತೆ ಹೇಳಿದಳು. "ಆ ಪೆಟ್ಟಿಗೆ ಇಟ್ಟಿದ್ದು ಅಪ್ಪ ಅಲ್ಲ. ಬಾಗಿಲ ತನಕ ಬಂದು ನನ್ನ ನೋಡದೆ ಹೋಗ್ಲಿಲ್ಲ. ಅಮ್ಮ ಸುಮ್ಮನೆ ಬೈದ್ಲು."

ಬಣ್ಣದಕ್ಕ ಕುರ್ಚಿಯಿಂದಲೇ ಬಾಗಿ ಅವಳ ತಲೆಯ ಮೇಲೆ ಕೈಯಿಟ್ಟರು.

"ನಾನೂ ಬೈದೆನಲ್ಲೇ ಮಗಳೇ. ಇಷ್ಟು ವರ್ಷ."

ಪರೀಕ್ಷಕಿ ಕಿಟಕಿಯ ಕಡೆ ತಿರುಗಿ ನಿಂತಳು. ಅವರಿಬ್ಬರಿಗೂ ಸ್ವಲ್ಪ ಹೊತ್ತು ಬೇಕಿತ್ತು. ಆದರೆ ಅವಳ ತಲೆ ಅವಳ ಮಾತು ಕೇಳಲಿಲ್ಲ, ಒಂದು ಅಂಶದ ಮೇಲೆಯೇ ಸುತ್ತುತ್ತಿತ್ತು. ಎಲ್ಲ ಕೂಡಿಬಂದಿತ್ತು, ಒಂದು ಮಾತ್ರ ಇಲ್ಲ.

"ಕ್ಷಮಿಸಿ," ಎಂದಳು. "ಕೇಳಲೇಬೇಕು. ಗುಂಡಿಗೂ ಬಟ್ಟೆ ಸುತ್ತಿಸ್ಕೊಳ್ತಿದ್ದ ಮನುಷ್ಯ, ಮದುವೆ ವಾಚನ್ನೇ ಕಟ್ಟದೋನು. ಅವನ ಕೈಗೆ ಯಜಮಾನರ ವಾಚು ಹೇಗೆ ಬಂತು?"

ಮಗಳು ತಲೆಯೆತ್ತಿದಳು. "ಯಾರೋ ಕಟ್ಟಿದ್ದಾರೆ."

"ಹೌದು. ಅಲ್ಲಿ ಸಿಗೋ ಹೆಣ ಯಾರದು ಅಂತ ಜನ ತಿಳೀಬೇಕು ಅನ್ನೋದನ್ನ ಮೊದಲೇ ಯೋಚಿಸಿದೋರು." ಬಣ್ಣದಕ್ಕನ ಎದುರು ಕುಳಿತಳು. "ಅಮ್ಮ, ಆ ದಿನ ಯಜಮಾನರು ವಾಚು ಕಟ್ಕೊಂಡು ಮನೆಯಿಂದ ಹೊರಟ್ರಾ?"

ಬಣ್ಣದಕ್ಕ ಕಣ್ಣು ಮುಚ್ಚಿದರು. ಹಳೆಯ ಬೆಳಗೊಂದರ ಒಳಗೆ ಮೆಟ್ಟಿಲಿಳಿದು ಹೋಗುತ್ತಿರುವಂತೆ ಕಂಡಿತು.

"ಇಲ್ಲ," ಎಂದರು. "ಕೀಲಿ ಕೊಟ್ರೂ ನಿಲ್ತಾ ಇತ್ತು. ತಿಂಡಿ ತಿನ್ನುವಾಗ ಬಿಚ್ಚಿ ಮೇಜಿನ ಮೇಲಿಟ್ರು, ರಿಪೇರಿಗೆ ಕಳಿಸು ಅಂದ್ರು. ನಾನೇ ಕರ್ಚೀಫಲ್ಲಿ ಸುತ್ತಿ ಕೊಟ್ಟೆ. ಸಂಜೆಯೊಳಗೆ ಸರಿಯಾಗಿ ಅವರ ಕೈ ಸೇರಿರ್ಬೇಕು ಅಂತ ಅಂದ್ಕೊಂಡಿದ್ದೆ."

"ಯಾರ ಕೈಗೆ ಕೊಟ್ರಿ?"

ಬಣ್ಣದಕ್ಕ ಮುಚ್ಚಿದ ಬಾಗಿಲ ಕಡೆ ನೋಡಿದರು.

ಬಾಗಿಲ ಮೇಲೆ ಮೆಲ್ಲನೆ ಬೆರಳು ಬಡಿದ ಸದ್ದು.

"ಅತ್ತಿಗೇ, ಮುಗೀತಾ? ಕಲ್ಲಿನೋರು ಅವಸರ ಮಾಡ್ತಿದ್ದಾರೆ." ಉತ್ತರಕ್ಕೆ ಕಾಯದೆ ಮೈದುನ ಒಳಗೆ ಬಂದರು. ಕೈಯಲ್ಲಿ ಅತ್ತಿಗೆಗೆಂದು ತಂದ ನೀರಿನ ಲೋಟ. ನೆಲದ ಮೇಲೆ ಕುಳಿತಿದ್ದ ಮಗಳನ್ನು ನೋಡಿದರು, ಅವಳ ತಲೆಯ ಮೇಲಿದ್ದ ಕೈಯನ್ನು ನೋಡಿದರು. ಆಮೇಲೆ ಪರದೆಯನ್ನು.

ಕರಡಿಯ ಹೊಟ್ಟೆಯ ಮೇಲೆ ಆ ಕೈ ಇನ್ನೂ ಬೆಳಗುತ್ತಿತ್ತು.

ಲೋಟದ ನೀರು ಒಂದಿಷ್ಟು ತುಳುಕಿತು. ಅಷ್ಟೇ.

"ಈ ವಯಸ್ಸಲ್ಲಿ ಕಣ್ಣಿಗೆ ಇಷ್ಟು ಬೆಳಕು ಒಳ್ಳೇದಲ್ಲ ಅತ್ತಿಗೆ," ಎಂದು ಲೋಟವನ್ನು ಮೇಜಿನ ಮೇಲಿಟ್ಟು, ದೀಪದ ಗುಂಡಿಯತ್ತ ಕೈ ಚಾಚಿದರು.

ಬಣ್ಣದಕ್ಕ ಅವರ ಮಣಿಕಟ್ಟು ಹಿಡಿದರು. ದನಿ ಏರಿಸಲಿಲ್ಲ. ಚಿಕ್ಕಂದಿನಿಂದ ತುತ್ತಿಟ್ಟು ಬೆಳೆಸಿದ ಹುಡುಗನನ್ನು ಮಾತಾಡಿಸುವ ದನಿಯಲ್ಲೇ ಕೇಳಿದರು.

"ನಾನು ಕರ್ಚೀಫಲ್ಲಿ ಸುತ್ತಿ ಕೊಟ್ಟ ವಾಚು... ರಿಪೇರಿ ಆಯ್ತೇನಪ್ಪಾ?"